ಅತ್ತೆಯನ್ನೂ ಕರೆತನ್ನಿ ಎಂದ ಡಾಕ್ಟರಮ್ಮ

ಬೆಳಗ್ಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿದೆ. ಎರಡೂ ಹಸುಗಳ ಹಾಲು ಕರೆದು ಸಂಘಕ್ಕೆ ಹಾಕಿ ಬಂದೆ. ಯಜಮಾನರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ಮಾಡಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದೆ. ಮೇವು ಕತ್ತರಿಸುವ ಕತ್ತಿ ಮೊಂಡಾಗಿತ್ತು, ಸಾಣೆ ಹಿಡಿಯುವವನಿಗೆ ಕೊಟ್ಟೆ. ನೆನೆಹಾಕಿದ್ದ ಅಕ್ಕಿ ರುಬ್ಬಿದೆ. ಒಣಗಿದ್ದ ಬಟ್ಟೆ ಮಡಚಿದೆ. ಮಧ್ಯಾಹ್ನ ಅತ್ತೆಗೆ ಅವರ ಹಸಿರು ರೇಷ್ಮೆ ಸೀರೆ ಉಡಿಸಿ, ಆಟೋದಲ್ಲಿ ಕೂರಿಸಿಕೊಂಡು, ಡಾಕ್ಟರಮ್ಮನ ನಿವೃತ್ತಿಯ ಬೀಳ್ಕೊಡುಗೆಗೆ ಹೋಗಿಬಂದೆ. ಸಂಜೆ ಮತ್ತೆ ಹಾಲು ಕರೆದು, ಹುಲ್ಲು ಹಾಕಿದೆ. ಈಗ ರಾತ್ರಿ, ಎಲ್ಲರೂ ಮಲಗಿದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ಡಾಕ್ಟರಮ್ಮ ಎಂದರೆ ದನದ ಡಾಕ್ಟರಮ್ಮ. ನಮ್ಮ ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ನಾನೂ ಹೆಸರು ಬರೆಯುವುದಿಲ್ಲ. ಎತ್ತರದ ಹೆಂಗಸು, ಸ್ವಲ್ಪ ಗೂನು. ಮೈಮೇಲೆ ಸದಾ ಒಂದು ವಾಯಿಲ್ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತಿತ್ತು. ಓಡಾಡಲು ಒಂದು ಲೂನಾ. ಅದರ ಸೀಟಿನ ಹೊದಿಕೆ ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು. ಮಳೆ ಬಂದ ಮರುದಿನ ಅದರ ಮೇಲೆ ಕೂತು ಬಂದರೆ ಸೀರೆಯ ಹಿಂಭಾಗ ಒದ್ದೆ. ಅದನ್ನು ಯಾರಾದರೂ ಹೇಳಿದರೆ, "ಹಸು ಮುಂದ್ಗಡೆಯಿಂದ ನೋಡುತ್ತೆ ಬಿಡಿ" ಎನ್ನುತ್ತಿದ್ದರು.

ನಮ್ಮದು ಮೈಸೂರಿನ ನಜರ್‌ಬಾದಿನ ಹಿಂಬದಿಯ ಬೀದಿ. ತೊಂಬತ್ತರ ದಶಕದ ಶುರುವಿನಲ್ಲಿ ಹಸು ಇಲ್ಲದ ಮನೆ ಅಲ್ಲಿ ಕಡಿಮೆ. ಮನೆಯ ಹಿಂದೆ ಒಂದು ಶೀಟಿನ ಮಾಡು, ಅದರಡಿ ಒಂದೋ ಎರಡೋ ಹಸು. ಕೆಲಸವೆಲ್ಲ ಹೆಂಗಸರದು. ಡಾಕ್ಟರಮ್ಮ ಒಂದು ದಿನ ಮನೆಮನೆಯ ಮುಂದೆ ನಿಂತು, ಹೆಂಗಸರಿಗೆ ಹಸು ಸಾಕುವ ತರಬೇತಿ ಇದೆ, ಇಲಾಖೆಯ ಕೊಟ್ಟಿಗೆಯಲ್ಲಿ ನಡೆಯುತ್ತದೆ, ಬರುವವರು ಹೆಸರು ಕೊಡಿ ಎಂದರು. ನಮ್ಮ ಯಜಮಾನರು ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿಕೊಂಡು ಆಗಷ್ಟೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಡಾಕ್ಟರಮ್ಮನಿಗೂ ಕೇಳಿಸಲಿ ಎನ್ನುವ ಹಾಗೆ ನನ್ನನ್ನು ಕೇಳಿದರು:

"ದನದ ಡಾಕ್ಟ್ರು ಹೆಂಗಸಾ?"

"ಹಸೂನೂ ಹೆಂಗಸೇ ಅಲ್ವಾ ಸಾರ್?" ಎಂದರು ಡಾಕ್ಟರಮ್ಮ.

ಯಜಮಾನರು ಒಳಗೆ ಹೋದರು. ಡಾಕ್ಟರಮ್ಮ ನನ್ನ ಹೆಸರು ಬರೆದುಕೊಂಡರು.

ಮೊದಲ ದಿನ ನಾವೆಲ್ಲ ತಲೆಬಾಚಿ, ಹೂ ಮುಡಿದು, ಒಳ್ಳೆ ಸೀರೆ ಉಟ್ಟು ಹೋಗಿದ್ದೆವು. ಬೆಂಚಿನ ಮೇಲೆ ಕೂರಿಸಿ ಪಾಠ ಹೇಳುತ್ತಾರೆ ಅಂತ ನಮ್ಮ ಎಣಿಕೆ. ಬೆಂಚೇ ಇರಲಿಲ್ಲ. ಹಸುವಿನ ಹೊಟ್ಟೆಯ ಪಕ್ಕ ನಿಲ್ಲಿಸಿ, ಅಂಗೈ ಇಟ್ಟು ಉಸಿರು ಎಣಿಸಿ ಎಂದರು. ಬಳೆ ಕಿಲಕಿಲ ಎಂದು ಹಸು ಬೆಚ್ಚಿತು. ಗಾಜಿನ ಬಳೆ ತೆಗೆಯಲು ನಾವು ಯಾರೂ ಒಪ್ಪುವವರಲ್ಲ, ಅದನ್ನು ಬಾಯಲ್ಲಿ ಹೇಳುವ ಧೈರ್ಯವೂ ಇಲ್ಲ. ಅವರು ತೆಗೆಯಿರಿ ಎನ್ನಲೂ ಇಲ್ಲ. ಚೀಲದಿಂದ ಹಳೆ ಸೀರೆಯ ಪಟ್ಟಿಗಳನ್ನು ತೆಗೆದು, ಒಬ್ಬೊಬ್ಬರ ಬಳೆಯನ್ನೂ ಮೊಣಕೈವರೆಗೆ ಸರಿಸಿ, ಪಟ್ಟಿ ಸುತ್ತಿ ಕಟ್ಟಿದರು. ಆ ಪಟ್ಟಿಗಳನ್ನು ಅವರು ಹಿಂದಿನ ದಿನವೇ ಕತ್ತರಿಸಿ, ಅಂಚು ಮಡಚಿ ಹೊಲಿದು ಇಟ್ಟುಕೊಂಡಿದ್ದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಹೊಲಿಗೆ ನೋಡಿ.

ಹಾಜರಿ ಕರೆಯುವುದು ಅವರ ಪದ್ಧತಿಯಲ್ಲ. ಸಂಜೆ ಮನೆಗೆ ಹೊರಡುವಾಗ ಸಾಲಾಗಿ ನಿಲ್ಲಿಸಿ, "ಎಲ್ಲಿ, ಕೈ ತೋರ್ಸಿ" ಎನ್ನುತ್ತಿದ್ದರು. ಮೂಸಿ ನೋಡುತ್ತಿದ್ದರು. ಸಗಣಿ, ಗಂಜಲ, ಹಾಲು ಯಾವುದರ ವಾಸನೆಯೂ ಇಲ್ಲದ ಕೈ ಸಿಕ್ಕಿದರೆ, "ನೀವು ಇವತ್ತು ಬಂದಿರ್ಲಿಲ್ಲ, ನಾಳೆ ಬನ್ನಿ" ಎಂದುಬಿಡುತ್ತಿದ್ದರು.

ಇನ್ನೊಂದು ಪದ್ಧತಿ ನನ್ನಂಥವಳಿಗೆ ಬಹಳ ಕಷ್ಟದ್ದು. ಏನು ಕೆಲಸ ಮಾಡಿದರೂ ಅದನ್ನು ಹಸುವಿಗೆ ಜೋರಾಗಿ ಹೇಳಿ ಮಾಡಬೇಕು. "ಈಗ ನಿನ್ನ ಕೆಚ್ಚಲು ತೊಳೀತೀನಿ. ಮೊದಲ ಧಾರೆ ಈ ಕಪ್ಪು ಬಟ್ಟೆ ಮೇಲೆ ಕರೀತೀನಿ. ಗಂಟು ಗಂಟಾಗಿ ಬಂದ್ರೆ ನಿಂಗೆ ಕೆಚ್ಚಲು ಬಾವು ಶುರುವಾಗಿದೆ ಅಂತ" ಹೀಗೆ. ನಾನು ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಹಸುವಿನ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಗೊಣಗಿದೆ. ಡಾಕ್ಟರಮ್ಮ ಕೊಟ್ಟಿಗೆಯ ಆ ಕೊನೆಗೆ ಹೋಗಿ ನಿಂತು, "ಅದಕ್ಕೇನು ಕಿವಿ ಕೇಳ್ಸಲ್ವಾ? ಇಲ್ಲೀತನಕ ಬರ್ಲಿ" ಎಂದು ಕೂಗಿದರು. ಸಭೆಯಲ್ಲಿ ಮಾತಾಡುವುದನ್ನು ಅವರು ನಮಗೆ ಕಲಿಸುತ್ತಿದ್ದದ್ದು ಹಾಗೆ. ಕೇಳುವುದು ಹಸು ಅಂತ ನಾವು ಧೈರ್ಯವಾಗಿ ಹೇಳುತ್ತಾ ಹೋದೆವು. ಒಂದು ದಿನ ತಿರುಗಿ ನೋಡಿದರೆ ಹಿಂದೆ ಹೊರಗಿನಿಂದ ಬಂದ ಅಧಿಕಾರಿಗಳು ನಿಂತು ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಮಾತು ಅರ್ಧ ಮುಗಿದೇ ಹೋಗಿತ್ತು.

ಆ ಮೊದಲ ತರಬೇತಿಯಲ್ಲಿ ಕಲಿತದ್ದು ಬಹಳ. ಅದರಲ್ಲಿ ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು, ಹುಟ್ಟಿದ ಕರುವಿಗೆ ಎದ್ದು ನಿಲ್ಲುತ್ತಿದ್ದ ಹಾಗೆ ಗಿಣ್ಣು ಹಾಲು ಕುಡಿಸಬೇಕು ಎಂಬುದು. ಈದ ಹಸುವಿನ ಮೊದಲ ಹಾಲಿನಲ್ಲಿ ರೋಗ ತಡೆಯುವ ಶಕ್ತಿ ಇದೆ, ತಡವಾದಷ್ಟೂ ಕರುವಿನ ಮೈಗೆ ಅದು ಹತ್ತುವುದು ಕಡಿಮೆ ಎಂದು. ನಮ್ಮ ಮನೆಗಳಲ್ಲಿ ನಡೆಯುತ್ತಿದ್ದದ್ದು ಬೇರೆ. ಈದ ಮೇಲೆ ಹಸುವಿನ ಕಸ, ಅಂದರೆ ಮಾಸು, ಪೂರ್ತಿ ಬಿದ್ದ ಮೇಲೆಯೇ ಕರುವನ್ನು ಕೆಚ್ಚಲಿಗೆ ಬಿಡುವುದು. ಅದಕ್ಕೆ ಮುಂಚೆ ಕರು ಬಾಯಿಟ್ಟರೆ ಕಸ ಒಳಗೇ ನಿಂತು, ಕೊಳೆತು, ಹಸು ಹೋಗುತ್ತದೆ ಎಂದು ಎಲ್ಲರ ಭಯ.

ತರಬೇತಿ ಮುಗಿದು ಕೆಲವು ದಿನಕ್ಕೆ ನಮ್ಮ ಕೆಂಪಿ ಈದಳು. ಚೊಚ್ಚಲು. ಹೆಣ್ಣುಗರು, ಹಣೆಯಲ್ಲಿ ಬಿಳಿ ಚುಕ್ಕಿ. ಅತ್ತೆ ಕರುವನ್ನು ಕಣ್ಣಿ ಹಾಕಿ ಮೂಲೆಗೆ ಕಟ್ಟಿದರು. ನಾನು, "ಅತ್ತೆ, ಡಾಕ್ಟ್ರಮ್ಮ ಈಗ್ಲೇ ಕುಡಿಸ್ಬೇಕು ಅಂದಿದ್ರು" ಎಂದೆ.

"ನಿಮ್ ಡಾಕ್ಟ್ರಮ್ಮ ಎಷ್ಟು ಹಸು ಕಟ್ಟವ್ರಂತೆ ಮನೇಲಿ?" ಎಂದರು ಅತ್ತೆ.

ಕಸ ಬೀಳುವಷ್ಟರಲ್ಲಿ ರಾತ್ರಿಯಾಯಿತು. ಕರು ಕೂಗಿ ಕೂಗಿ ಸೋತಿತ್ತು, ಬಾಯಿಗೆ ಕೆಚ್ಚಲು ಇಟ್ಟರೂ ಚೀಪಲಿಲ್ಲ. ಆ ವಾರದಲ್ಲೇ ಭೇದಿ ಹತ್ತಿ ಹೋಯಿತು. ಅತ್ತೆಯೂ ಅತ್ತರು. ಅವರಿಗೆ ಕರುವಿನ ಮೇಲೆ ಪ್ರೀತಿ ಕಮ್ಮಿ ಅಂತ ಯಾರೂ ಅನ್ನುವ ಹಾಗಿಲ್ಲ. ಹಸುವನ್ನು ಉಳಿಸಿಕೊಂಡೆ ಎಂದೇ ಅವರು ತಿಳಿದಿದ್ದರು.

ನಾನು ಇಲಾಖೆಯ ಕೊಟ್ಟಿಗೆಗೆ ಹೋಗಿ ಇದನ್ನು ಹೇಳಿದಾಗ ಡಾಕ್ಟರಮ್ಮ ಒಂದು ಎಮ್ಮೆಗೆ ಗೊಟ್ಟದಲ್ಲಿ ಔಷಧಿ ಹಾಕುತ್ತಿದ್ದರು. ಹಾಕಿ ಮುಗಿಸಿ, ಬಿದಿರಿನ ಗೊಟ್ಟ ತೊಳೆದಿಟ್ಟು, ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತರು. ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ.

"ಕೊಟ್ಟಿಗೇಲಿ ನಿಮ್ಮ ಮಾತು ನಡೆಯಲ್ಲ ಅಲ್ವಾ?" ಎಂದರು.

"ಅತ್ತೆ ಇರೋವಾಗ ಎಲ್ಲಿ ನಡೆಯುತ್ತೆ ಮೇಡಂ?"

"ಹಂಗಾದ್ರೆ ತಪ್ಪು ನಂದು ಕಣ್ರೀ. ಯಾರ ಮಾತು ನಡೆಯುತ್ತೆ ಅಂತ ಕೇಳ್ದೇನೇ ನಿಮಗೆ ಪಾಠ ಹೇಳ್ಬುಟ್ಟೆ."

ಮರುವರ್ಷದ ತರಬೇತಿಗೆ ಅವರು ಹಾಕಿದ ಷರತ್ತು ಒಂದೇ: ಸೊಸೆ ಬರಬೇಕಾದರೆ ಅತ್ತೆಯನ್ನೂ ಕರೆತರಬೇಕು. ಅತ್ತೆ ಇಲ್ಲದಿದ್ದರೆ ಮನೆಯಲ್ಲಿ ಯಾರು ಹಿರಿಯಳೋ ಅವಳು. ಮೇಲಿನವರು ನಕ್ಕರಂತೆ, ಮುದುಕಿಯರಿಗೆ ಏನು ತರಬೇತಿ ಎಂದು. ಇವರು ನಮ್ಮ ಬೀದಿಗೆ ಬಂದು ಒಂದೊಂದೇ ಮನೆಯಲ್ಲಿ ಕೂತರು.

ನಮ್ಮ ಮನೆಗೆ ಬಂದಾಗ ಸತ್ತ ಕರುವಿನ ಮಾತೇ ಎತ್ತಲಿಲ್ಲ. ಅತ್ತೆ ಹಾಲು ಕರೆಯುವುದನ್ನು ಜಗಲಿಯ ಮೇಲೆ ಕೂತು ನೋಡಿದರು. ನೋಡಿ ಮುಗಿದ ಮೇಲೆ, "ಅಮ್ಮಾ, ನಿಮ್ಮ ಸೊಸೆ ಹೆಬ್ಬೆಟ್ಟು ಮಡಚಿ ಕರೀತಾರೆ. ಎಷ್ಟು ಹೇಳಿದ್ರೂ ಬಿಡ್ತಿಲ್ಲ. ಮೊಲೆ ಗಾಯ ಆಗುತ್ತೆ. ನೀವು ಪೂರ್ತಿ ಮುಷ್ಟೀಲಿ ಕರೀತೀರಿ. ನಮ್ಮ ಹುಡುಗೀರಿಗೆ ಬಂದು ತೋರಿಸ್ಕೊಡ್ತೀರಾ?" ಎಂದರು.

"ಇವ್ಳಿಗಾ? ನಾನ್ ಹೇಳಿ ಹೇಳಿ ಬಾಯಿ ಒಣಗೋಯ್ತು" ಎಂದು ಅತ್ತೆ ನನ್ನ ಕಡೆ ನೋಡಿದರು. ಆಮೇಲೆ, "ನಿಮ್ಗೆ ಅತ್ತೆ ಇದಾರಾ?" ಎಂದು ಕೇಳಿದರು.

"ಮದ್ವೇನೇ ಆಗ್ಲಿಲ್ಲ. ಇದ್ದಿದ್ರೆ ಅವರನ್ನೂ ಕರ್ಕೊಂಡ್ ಬರ್ತಿದ್ದೆ."

ಅತ್ತೆಗೆ ನಗು ಬಂತು. ಮಾರನೆಯ ದಿನ ಹಣೆಗೆ ವಿಭೂತಿ ಇಟ್ಟುಕೊಂಡು, ನನಗಿಂತ ಮುಂಚೆ ಬಸ್ ಸ್ಟಾಪಿನಲ್ಲಿ ನಿಂತಿದ್ದರು.

ಆ ಅತ್ತೆ-ಸೊಸೆ ತರಗತಿಯಂಥದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಒಂದು ಹಸುವಿಗೆ ಒಂದು ಜೋಡಿ. ಸೊಸೆಯ ಕೈ ಮೇಲೆ ಅತ್ತೆಯ ಕೈ. ಥರ್ಮಾಮೀಟರ್ ಇಡುವುದಾದರೂ, ಬೆದೆ ನೋಡುವುದಾದರೂ, ಹೊಕ್ಕುಳಿಗೆ ಅಯೋಡಿನ್ ಹಚ್ಚುವುದಾದರೂ ಹಾಗೆಯೇ. ಮಾತಿಗೆ ಕೊನೆಯಿಲ್ಲ. ನಮ್ಮ ಪಕ್ಕದ ಮನೆಯ ಚೆನ್ನಮ್ಮ ತನ್ನ ಸೊಸೆಗೆ, "ಮನೇಲಿ ಪಾತ್ರೆ ಬೆಳಗುವಾಗ ಈ ಶ್ರದ್ಧೆ ಎಲ್ಲೋಗಿರುತ್ತಮ್ಮಾ?" ಎಂದರೆ, ಆ ಹುಡುಗಿ, "ಪಾತ್ರೆ ಒದೆಯಲ್ವಲ್ಲ ಅತ್ತೆ" ಎನ್ನುವಳು. ಡಾಕ್ಟರಮ್ಮ ಯಾರ ಪರವೂ ವಹಿಸುತ್ತಿರಲಿಲ್ಲ. ಮಧ್ಯಾಹ್ನ ಅವರ ಡಬ್ಬಿಯಲ್ಲಿ ಯಾವಾಗಲೂ ಚಿತ್ರಾನ್ನ, ಅದರಲ್ಲಿ ಒಂದು ಕಡಲೆಕಾಯಿ ಬೀಜವೂ ಇಲ್ಲ. ಅದನ್ನು ಕಂಡು ಅತ್ತೆಯರಿಗೆಲ್ಲ ಮರುಕ ಹುಟ್ಟಿ, ಸೊಸೆಯರ ಡಬ್ಬಿಯಿಂದ ಪಲ್ಯ, ಚಟ್ನಿ ಎತ್ತಿ ಅವರಿಗೆ ಬಡಿಸುತ್ತಿದ್ದರು. ಅವರು ಎಲ್ಲವನ್ನೂ ತಿನ್ನುತ್ತಿದ್ದರು.

ಗಿಣ್ಣಿನ ವಿಷಯ ಬಂದ ದಿನ ಮಾತ್ರ ಮುದುಕಿಯರು ಒಟ್ಟಾಗಿ ಎದುರು ನಿಂತರು. ಆ ದಿನ ಇಲಾಖೆಯ ಹಸುವೊಂದು ಈದಿತ್ತು. ಡಾಕ್ಟರಮ್ಮ ಕರುವನ್ನು ತಕ್ಷಣ ಕುಡಿಯಲು ಬಿಟ್ಟರು, ಎಲ್ಲರನ್ನೂ ಸುತ್ತ ಕೂರಿಸಿದರು. ಕರು ಚೀಪಿದರೆ ಹಸುವಿನ ಗರ್ಭ ಬಿಗಿದು ಕಸ ಬೇಗ ಇಳಿಯುತ್ತದೆ, ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳಿದರು. ಊಟದ ಹೊತ್ತಿಗೆ ಕಸ ಬಿತ್ತು. ಅವರು ನಮ್ಮತ್ತೆಯ ಮುಖ ನೋಡಿದರು.

"ಅದು ಸರ್ಕಾರದ ಹಸು ಕಣವ್ವ" ಎಂದರು ಅತ್ತೆ. "ನೀವ್ ಹೇಳ್ದಂಗೆ ಕೇಳುತ್ತೆ. ಮನೆ ಹಸು ಅಂಗಲ್ಲ."

ಹೌದು ಹೌದು ಎಂದು ಎಲ್ಲ ತಲೆಗಳೂ ಆಡಿದವು. ಡಾಕ್ಟರಮ್ಮನಿಗೆ ಸಿಟ್ಟು ಬರಬಹುದಾಗಿತ್ತು. ಅವರೂ ತಲೆಯಾಡಿಸಿ, "ಅದೂ ಸರಿಯೇ. ಮನೆ ಹಸೂನೇ ನೋಡೋಣ. ಯಾರ ಮನೇದು ಗಬ್ಬ ಆಗಿದೆ?" ಎಂದರು.

ನನಗೆ ಅದೇನಾಯಿತೋ, ಹಸುವಿಗೆ ಹೇಳಿ ಹೇಳಿ ಗಂಟಲು ತೆರೆದುಕೊಂಡಿತ್ತೋ ಏನೋ, "ನಮ್ಮ ಕೆಂಪಿ ಇದಾಳೆ" ಎಂದೆ. ಅತ್ತೆ ನನ್ನ ತೊಡೆ ಚಿವುಟಿದ್ದು ಸಂಜೆಯವರೆಗೂ ಉರಿಯಿತು. ಆದರೆ ಎಲ್ಲರ ಎದುರು ಅಷ್ಟು ದೊಡ್ಡ ಮಾತಾಡಿದ ಮೇಲೆ ಅವರೂ ಹಿಂದೆ ಸರಿಯುವವರಲ್ಲ.

"ಆಗ್ಲಿ" ಎಂದರು. "ಕಸ ನಿಂತ್ರೆ ನಿಮ್ ಕ್ಲಾಸಿಗೆ ನಾನೂ ಬರಕಿಲ್ಲ, ನಮ್ ಬೀದಿ ಯಾವಳೂ ಬರಕಿಲ್ಲ. ಈಗ್ಲೇ ಹೇಳಿವ್ನಿ."

"ಸರಿ ಅಮ್ಮಾ. ನಿಂತ್ರೆ ನಾನೂ ಮತ್ತೆ ನಿಮ್ಮ ಬೀದಿಗೆ ಬರಲ್ಲ."

ಕೆಂಪಿ ಈದದ್ದು ಒಂದು ಬೆಳಗ್ಗೆ, ಯಜಮಾನರು ಮೊದಲ ಪಾಳಿಯ ಬಸ್ಸಿಗೆ ಹೊರಟ ಸ್ವಲ್ಪ ಹೊತ್ತಿಗೆ. ನೀರುಚೀಲ ಕಾಣಿಸಿದ್ದೇ ನಾನು ಓಡಿ ಬೂತಿನಿಂದ ಫೋನ್ ಮಾಡಿದೆ. ಲೂನಾದ ಸದ್ದು ಬೀದಿ ತಿರುವಿನಲ್ಲಿ ಕೇಳಿದಾಗ ಕರುವಿನ ಮುಂಗಾಲು ಎರಡೂ ಹೊರಗೆ ಬಂದಿದ್ದವು. ಡಾಕ್ಟರಮ್ಮ ಕೊಟ್ಟಿಗೆಯ ಹೊಸಿಲಲ್ಲೇ ನಿಂತರು. ನಾನೂ ಅತ್ತೆಯೂ ಕಾಲು ಹಿಡಿದು, ಹಸು ತಿಣುಕಿದಾಗ ಎಳೆದು, ಬಿಟ್ಟಾಗ ಬಿಟ್ಟು ಕರು ತೆಗೆದೆವು. ಮತ್ತೆ ಹೆಣ್ಣುಗರು. ಮೂಗಿನ ಲೋಳೆ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿದೆ. ಕರು ನಡುಗುತ್ತಾ ಎದ್ದು ನಿಂತಿತು.

ಅತ್ತೆ ಕಣ್ಣಿ ಕೈಯಲ್ಲಿ ಹಿಡಿದಿದ್ದರು. ಮೂಲೆಯ ಗೂಟ ನೋಡಿದರು. ಕೆಂಪಿಯನ್ನು ನೋಡಿದರು. ಡಾಕ್ಟರಮ್ಮ ನನಗೆ ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದರು. ಅತ್ತೆ ಕಣ್ಣಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಕರುವಿನ ಕುತ್ತಿಗೆ ಬಳಸಿ ಹಿಡಿದು, "ಬಾರವ್ವ, ಇವ್ರೆಲ್ಲ ನಿನ್ ಮೇಲೆ ಪಂಥ ಕಟ್ಟವ್ರೆ" ಎನ್ನುತ್ತಾ ಕೆಚ್ಚಲಿಗೆ ಬಾಯಿ ಇಡಿಸಿದರು. ಅದು ಚೀಪಿದ ಸದ್ದು ಕೊಟ್ಟಿಗೆಯ ಹೊರಗಿದ್ದ ಚೆನ್ನಮ್ಮನಿಗೂ ಕೇಳಿಸಿತಂತೆ.

ಆಮೇಲಿನದೇ ಕಷ್ಟದ್ದು. ತಿಂಡಿಯ ಹೊತ್ತು ಕಳೆಯಿತು, ಊಟದ ಹೊತ್ತು ಕಳೆಯಿತು, ಕಸ ಬೀಳಲಿಲ್ಲ. ಒಂದು ತುಣುಕು ಇಳಿದು ಜೋತಾಡುತ್ತಾ ಹಾಗೇ ನಿಂತಿತು. ಅತ್ತೆ ಅದು ಬೀಳುವವರೆಗೆ ಹನಿ ನೀರು ಮುಟ್ಟುವುದಿಲ್ಲ ಎಂದು ಗೋಡೆಗೆ ಒರಗಿ ಕೂತರು. ಡಾಕ್ಟರಮ್ಮ ನಮ್ಮ ಜಗಲಿಯ ಮೇಲೆ ಕೂತರು. ನಾನು ಮಾಡಿದ ಉಪ್ಪಿಟ್ಟು ಆರಿ ಗಟ್ಟಿಯಾಯಿತು, ಅವರೂ ಮುಟ್ಟಲಿಲ್ಲ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಇಣುಕಿ ಹೋಗುತ್ತಿದ್ದರು.

ಚೆನ್ನಮ್ಮ ಕೊನೆಗೆ ತಡೆಯಲಾರದೆ ಹತ್ತಿರ ಬಂದು, ಅತ್ತೆಗೆ ಕೇಳಿಸದ ಹಾಗೆ, "ಕೈ ಹಾಕಿ ತೆಗೆದ್ಬುಡಿ ಡಾಕ್ಟ್ರಮ್ಮ. ಬಿತ್ತು ಅಂತ ಹೇಳಿದ್ರಾಯ್ತು. ನಾನ್ಯಾರ್ಗೂ ಹೇಳಕಿಲ್ಲ" ಎಂದಳು.

"ಅದು ಹಸೂಗೂ ಒಳ್ಳೇದಲ್ಲ, ನಮಗೂ ಒಳ್ಳೇದಲ್ಲ ಚೆನ್ನಮ್ಮ" ಎಂದರು ಅವರು. "ನಾನು ತೆಗೆದ್ರೆ ಡಾಕ್ಟ್ರು ತೆಗೆದ್ಳು ಅಂತಾಗುತ್ತೆ. ನಾಳೆ ನಿಮ್ಮನೇಲಿ ಈದಾಗ ನಾನಿರ್ತೀನಾ? ತಾನಾಗೇ ಬೀಳ್ಬೇಕು. ಬೆಳಗ್ಗೆ ಈದ ಹಸೂಗೆ ಸಂಜೆತನಕ ಟೈಮಿದೆ."

ಗಟ್ಟಿಯಾಗಿಯೇ ಹೇಳಿದರು. ಆದರೆ ಅವರು ಜಗಲಿಯ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದದ್ದನ್ನು ನಾನು ನೋಡಿದೆ. ಆ ಹೊತ್ತಿನಲ್ಲಿ ಅವರು ನನಗೆ ಇನ್ನೂ ಹತ್ತಿರದವರಾದರು. ಕಲಿಸುವವರಿಗೆ ಭಯವೇ ಇರುವುದಿಲ್ಲ ಎಂದು ನಾನು ಅದುವರೆಗೂ ತಿಳಿದಿದ್ದೆ.

ಬಿಸಿಲು ಇಳಿಯಿತು. ನಾನು ಕರುವನ್ನು ಇನ್ನೊಮ್ಮೆ ಬಿಟ್ಟೆ. ಅದು ತಲೆಯಿಂದ ಗುದ್ದಿ ಗುದ್ದಿ ಚೀಪಿತು. ಕೆಂಪಿ ಬೆನ್ನು ಬಾಗಿಸಿ ನಿಂತಳು, ತಿಣುಕಿದಳು. ಒಳಗೆ ಬಂದು ದೇವರ ಮುಂದೆ ದೀಪ ಹಚ್ಚಲು ನಾನು ಬೆಂಕಿಪೊಟ್ಟಣಕ್ಕೆ ಕೈ ಚಾಚಿದ್ದೆ, ಕೊಟ್ಟಿಗೆಯಿಂದ ಒದ್ದೆ ಗೋಣಿಚೀಲ ಬಿದ್ದಂಥ ಸದ್ದು ಕೇಳಿಸಿತು.

ಅತ್ತೆ ಯಾರನ್ನೂ ಹತ್ತಿರ ಬಿಡಲಿಲ್ಲ. ತಾವೇ ಬಗ್ಗಿ, ಕಡ್ಡಿಯಿಂದ ಅದನ್ನು ನೆಲದ ಮೇಲೆ ಹರಡಿ, ಎಲ್ಲಾದರೂ ಹರಿದು ಒಳಗೆ ಉಳಿದಿದೆಯೇ ಎಂದು ಪೂರ್ತಿ ನೋಡಿದರು. ಹಾಗೆ ನೋಡಬೇಕು ಎಂದು ಕಲಿಸಿದವರು ಡಾಕ್ಟರಮ್ಮ. ಆಮೇಲೆ ಎದ್ದು ಬೀದಿ ಬಾಗಿಲಿಗೆ ಹೋಗಿ, ಸೆರಗು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ, "ಬಿತ್ತು! ಇಡಿಯಾಗೈತೆ!" ಎಂದು ಕೂಗಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಬಿದ್ದ ಕಸವನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಸುರಿಯುವ ಮರಕ್ಕೆ, ಆಲವೋ ಅತ್ತಿಯೋ, ಕಟ್ಟಬೇಕು. ಹಸುವಿಗೆ ಹಾಲು ಹೆಚ್ಚುತ್ತದೆ ಎಂದು ನಮ್ಮವರ ನಂಬಿಕೆ. ಅತ್ತೆ ಹುಲ್ಲು ಸುತ್ತುತ್ತಾ ಡಾಕ್ಟರಮ್ಮನನ್ನು ಓರೆಗಣ್ಣಲ್ಲಿ ನೋಡಿದರು, ಇದಕ್ಕೂ ಏನಾದರೂ ಪಾಠ ಹೇಳುತ್ತಾರೇನೋ ಎಂದು.

"ಮರ ಎಲ್ಲಿದೆ ಅಮ್ಮಾ?" ಎಂದರು ಅವರು.

"ಬೆಟ್ಟದ ದಾರೀಲಿ. ನಡ್ಕೊಂಡ್ ಓಗ್ತೀನಿ ಬುಡಿ."

"ಕತ್ತಲಾಗುತ್ತೆ. ನಾಯಿ ಕಿತ್ತಾಡದ ಹಾಗೆ ಎತ್ತರಕ್ಕೆ ಕಟ್ಬೇಕು ಅಷ್ಟೆ. ಹತ್ತಿ."

ಹಾಗೆ ನಮ್ಮತ್ತೆ ಜೀವಮಾನದಲ್ಲಿ ಮೊದಲ ಸಲ ಲೂನಾ ಹತ್ತಿದರು. ಒಂದು ಕೈಯಲ್ಲಿ ಡಾಕ್ಟರಮ್ಮನ ಸೊಂಟ, ಇನ್ನೊಂದು ಕೈಯಲ್ಲಿ ಹುಲ್ಲಿನ ಗಂಟು. ಎದುರಿಗೆ ಬೆಟ್ಟದಿಂದ ಇಳಿದು ಬರುತ್ತಿದ್ದ ಭಕ್ತರು ಪಕ್ಕಕ್ಕೆ ಸರಿದು ದಾರಿ ಬಿಟ್ಟರಂತೆ. ಗಂಟು ನೋಡಿ ಪ್ರಸಾದ ಅಂತ ಕೈ ಮುಗಿದವರೂ ಇದ್ದರು ಎಂದು ಅತ್ತೆ ಹೇಳುತ್ತಾರೆ. ಡಾಕ್ಟರಮ್ಮ ಅಷ್ಟೆಲ್ಲ ಇಲ್ಲ ಎನ್ನುತ್ತಾರೆ. ಮರದ ಕೊಂಬೆ ಅತ್ತೆಗೆ ಎಟುಕಲಿಲ್ಲ, ಎತ್ತರದ ಹೆಂಗಸು ಡಾಕ್ಟರಮ್ಮನೇ ಕಟ್ಟಿದರು. ಅದಂತೂ ಇಬ್ಬರೂ ಒಪ್ಪುವ ಮಾತು.

ಮಾರನೆಯ ವಾರ ಇಲಾಖೆಯ ಕೊಟ್ಟಿಗೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಆ ಕರು ಬೆಳೆದು, ಹಸುವಾಗಿ, ನಮ್ಮ ಮನೆಯಲ್ಲೇ ಈದು, ಅದರ ಕರುಗಳೂ ಹಸುಗಳಾದವು. ಅತ್ತೆ ಬೀದಿಯಲ್ಲಿ ಯಾರ ಮನೆ ಹಸು ಈಯುತ್ತದೆ ಎಂದರೂ ಕರೆಯುವ ಮುಂಚೆಯೇ ಹೋಗಿ ನಿಲ್ಲತೊಡಗಿದರು. ಕರು ಕಟ್ಟಿಹಾಕಿದವರಿಗೆ ಅವರು ಬೈಯುತ್ತಿದ್ದ ಬೈಗುಳವನ್ನು ಇಲ್ಲಿ ಬರೆಯಲಾರೆ. ಬೀದಿಯ ಹೆಂಗಸರು ಸೇರಿ ಹಾಲಿನ ಸಂಘ ಮಾಡಿಕೊಂಡಾಗ ಅವರನ್ನೇ ಅಧ್ಯಕ್ಷೆ ಮಾಡಿದೆವು. ಓದು ಬರಹ ಬಾರದವರು ಹೇಗೆ ಎಂದು ಕೆಲವರು ಅನುಮಾನಪಟ್ಟರು. "ಓದೋಕೆ ಸೊಸೆ ಇದಾರೆ. ಮಾತು ನಡೆಸೋಕೆ ಇವರೇ ಬೇಕು" ಎಂದರು ಡಾಕ್ಟರಮ್ಮ. ಅತ್ತೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು ಸಭೆ ನಡೆಸುವುದು, ನಾನು ಪಕ್ಕದಲ್ಲಿ ನಿಂತು ಓದಿ ಹೇಳುವುದು. ಒಂದು ಸಲ ತಪಾಸಣೆಗೆ ಬಂದವರೊಬ್ಬರು ಅತ್ತೆಯನ್ನು ನೋಡಿ, "ಅಧ್ಯಕ್ಷರ ಯಜಮಾನರನ್ನ ಸ್ವಲ್ಪ ಕರೀರಿ, ಮಾತಾಡ್ಬೇಕು" ಎಂದರು. "ಅವ್ರು ಶಿವನ ಪಾದ ಸೇರಿ ಬಾಳಾ ವರ್ಷ ಆಯ್ತು. ಕರೆಸ್ಬೇಕಾ?" ಎಂದರು ಅತ್ತೆ. ಬಾಗಿಲ ಹತ್ತಿರ ನಿಂತಿದ್ದ ಡಾಕ್ಟರಮ್ಮ ಕೆಮ್ಮುತ್ತಾ ಹೊರಗೆ ಓಡಿದರು.

ಇವತ್ತಿನ ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ದೊಡ್ಡವರೆಲ್ಲ ಮಾತಾಡಿದ ಮೇಲೆ, ತರಬೇತಿ ಪಡೆದ ಹೆಂಗಸರ ಪರವಾಗಿ ನಮ್ಮತ್ತೆ ಎರಡು ಮಾತು ಆಡಬೇಕೆಂದು ಕರೆದರು. ನಾನು ಮತ್ತು ಇನ್ನೊಬ್ಬರು ಹಿಡಿದು ವೇದಿಕೆ ಹತ್ತಿಸಿದೆವು. ಸಭೆಯಲ್ಲಿ ಹಳ್ಳಿಗಳಿಂದ ಬಂದ ಹೊಸ ಹುಡುಗಿಯರು, ಅವರ ಪಕ್ಕ ಅವರ ಅತ್ತೆಯರು. ಆ ಷರತ್ತು ಈಗಲೂ ನಡೆದಿದೆ.

ಅತ್ತೆ ಮೈಕನ್ನು ಹಸುವಿನ ಕೊಂಬಿನ ಹಾಗೆ ಗಟ್ಟಿಯಾಗಿ ಹಿಡಿದುಕೊಂಡರು. "ಕೇಳಿ ಕಣ್ರವ್ವ. ಕರು ಎದ್ದು ನಿಂತ್ ತಕ್ಷಣ ಗಿಣ್ಣು ಕುಡಿಸ್ಬೇಕು. ಕಸಕ್ಕೆ ಕಾಯ್ಬಾರ್ದು. ಇದು ಇವತ್ತು ನಿನ್ನೇದಲ್ಲ, ನಮ್ಮನೇಲಿ ತಲೆತಲಾಂತರದಿಂದ ನಡ್ಕೊಂಡ್ ಬಂದಿರೋದು. ನಮ್ಮತ್ತೆ ನಂಗೆ ಏಳ್ಕೊಟ್ರು, ನಾನು ಇವ್ಳಿಗೆ ಏಳ್ಕೊಟ್ಟೆ. ಈ ಡಾಕ್ಟ್ರಮ್ಮ ಬಾಳಾ ಒಳ್ಳೇವ್ರು. ನಮ್ಮತ್ರ ಕೂತು ಎಲ್ಲಾ ಕಲ್ತ್ಕೊಂಡ್ರು."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಸುಳ್ಳು ಹೇಳುತ್ತಿರಲಿಲ್ಲ. ಈಚೆಗೆ ಅವರ ಮನಸ್ಸಿನಲ್ಲಿ ಅದು ಹಾಗೆಯೇ ಕೂತುಬಿಟ್ಟಿದೆ. ನಾನು ಡಾಕ್ಟರಮ್ಮನ ಕಡೆ ನೋಡಿದೆ. ಅವರು ಹಾರದ ಹಿಂದೆ ನಗುತ್ತಿದ್ದರು, ಕಣ್ಣಲ್ಲಿ ನೀರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರು.

ಸಭೆ ಮುಗಿದ ಮೇಲೆ ಹತ್ತಿರ ಹೋಗಿ, "ಮೇಡಂ, ತಪ್ಪು ತಿಳ್ಕೋಬೇಡಿ, ಅತ್ತೆಗೆ ವಯಸ್ಸಾಯ್ತು. ಮನೆಗೆ ಹೋಗಿ ನಾನು ಹೇಳ್ತೀನಿ" ಎಂದೆ.

"ಏನ್ ಹೇಳ್ತೀರಿ? ಸುಮ್ನಿರ್ರೀ" ಎಂದು ನನ್ನ ಕೈ ಹಿಡಿದುಕೊಂಡರು. "ಅವರತ್ತೆ ಹೇಳ್ಕೊಟ್ಟಿದ್ದು ಅಂತ ಅವರೇ ಹೇಳಿದ್ಮೇಲೆ ಇನ್ನು ಅದನ್ನ ಯಾರೂ ಬಿಡ್ಸೋಕಾಗಲ್ಲ. ಆ ಹುಡುಗೀರ ಅತ್ತೆಯರ ಮುಖ ನೋಡಿದ್ರಾ? ಒಬ್ಬರಾದ್ರೂ ಎದುರು ಮಾತಾಡಿದ್ರಾ? ನಾನಿನ್ನು ನಿಶ್ಚಿಂತೆಯಾಗಿ ಮನೇಲಿರ್ತೀನಿ."

ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಕಂಡಿರಲಿಲ್ಲ. ನಮ್ಮತ್ತೆಯ ಬಗ್ಗೆ ಅಷ್ಟೊಂದು ಹೆಮ್ಮೆ ನನಗೂ ಯಾವತ್ತೂ ಆಗಿರಲಿಲ್ಲ.

ಆಟೋದಲ್ಲಿ ಅತ್ತೆ, "ಎಂಗ್ ಮಾತಾಡ್ದೆ?" ಎಂದರು.

"ಎಲ್ಲಾ ಸರಿಯಾಗಿ ಹೇಳಿದ್ರಿ ಅತ್ತೆ" ಎಂದೆ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು, ಬೆಳಗಿನ ಬದನೆಕಾಯಿ ಪಲ್ಯ ಸ್ವಲ್ಪ ಉಳಿದಿತ್ತು. ಬೀಳ್ಕೊಡುಗೆಯಲ್ಲಿ ಕೊಟ್ಟ ಮೈಸೂರು ಪಾಕನ್ನು ಅತ್ತೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದರು. ಯಜಮಾನರಿಗೆ ಒಂದು ತುಂಡು ಕೊಟ್ಟು, ನನಗೊಂದು ಕೊಟ್ಟು, ತಮ್ಮದನ್ನು ಹಲ್ಲಿಲ್ಲದ ಬಾಯಿಗೆ ಸುಲಭವಾಗಲೆಂದು ಬಿಸಿ ಹಾಲಿನಲ್ಲಿ ನೆನೆಸಿ ತಿಂದರು. ತಾವು ಆಡಿದ ಮಾತನ್ನು ಯಜಮಾನರಿಗೆ ಇನ್ನೊಮ್ಮೆ ಹೇಳಲು ಶುರುಮಾಡಿ, ಅರ್ಧದಲ್ಲೇ ನಿದ್ದೆ ಹೋದರು. ಹೊದಿಸಿ ದೀಪ ಸಣ್ಣ ಮಾಡಿದೆ. ಯಜಮಾನರಿಗೆ ನಾಳೆ ಮೊದಲ ಪಾಳಿ, ಅವರೂ ಮಲಗಿದರು. ನಾನು ಕೊಟ್ಟಿಗೆಗೆ ಒಮ್ಮೆ ಹೋಗಿ ನೋಡಿ ಬಂದು ಮಲಗುತ್ತೇನೆ.